ಮಾದೇವಿಗೆ ಕಾಗದದಲ್ಲಿ ಹನ್ನೆರಡು ವರ್ಷ

ನಿಮ್ಮ ಹುಟ್ಟಿದ ದಿನವೂ ಜೂನ್ ಒಂದೇ ಅಲ್ಲವಾ? ಮುಚ್ಚಿಡಬೇಡಿ. ನಮ್ಮ ಕಡೆ ಅರ್ಧ ಊರೇ ಜೂನ್ ಒಂದರಂದು ಹುಟ್ಟಿದೆ, ತಾಯಂದಿರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆತ್ತ ಹಾಗೆ. ನಿಮ್ಮನ್ನು ಮೊದಲ ದಿನ ಶಾಲೆಗೆ ಕೈಹಿಡಿದು ಕರೆದುಕೊಂಡು ಹೋದವರು ಇನ್ನೂ ಬದುಕಿದ್ದರೆ ಒಮ್ಮೆ ಕೇಳಿ ನೋಡಿ, ಅವತ್ತು ಹೆಡ್‌ಮಾಸ್ಟರ ಮುಂದೆ ಏನು ಹೇಳಿದಿರಿ ಅಂತ. ಅವರು ನಕ್ಕರೆ ನೀವು ಪುಣ್ಯವಂತರು. ಮುಖ ತಿರುಗಿಸಿಕೊಂಡರೆ ಅವರೂ ನನ್ನಂಥವರೇ.

ಹೋದ ತಿಂಗಳು ಕಣ್ಣು ತೋರಿಸಿಕೊಂಡು ಬರಲು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಪಕ್ಕಕ್ಕೇ ಚೆಂಡುಹೂವಿನ ಮೂಟೆ ತುಂಬಿದ ಲಾರಿಯೊಂದು ಬಂದು ನಿಂತಿತು. ಕಿಟಕಿಯಿಂದ ಆ ವಾಸನೆ ನುಗ್ಗಿತು. ಚೆಂಡುಹೂವಿನದು ಪರಿಮಳ ಅನ್ನುವಂಥದ್ದಲ್ಲ. ಹಸಿಸೊಪ್ಪು ಹಿಸುಕಿದಂಥ, ಮೂಗಿನ ತುದಿಯಲ್ಲಿ ಕಹಿಯಾಗುವಂಥ ಘಾಟು. ಹೂ ಕುಯ್ಯುವವರ ಕೈಗೆ ಹತ್ತಿದರೆ ಸೋಪು ಹಾಕಿ ತಿಕ್ಕಿದರೂ ಬಿಡುವುದಿಲ್ಲ. ಮುದ್ದೆ ಮುರಿದು ಬಾಯಿಗಿಟ್ಟರೆ ಮುದ್ದೆಯೂ ಅದೇ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಹಿಡಿಯಲಿಲ್ಲ. ಎರಡು ಸಾವಿರದ ಆರನೆಯ ಇಸವಿಯ ಮಳೆಗಾಲ ನೆನಪಿಗೆ ಬಂತು. ಕಣ್ಣಿನ ಡಾಕ್ಟರು ಹಲಗೆಯ ಮೇಲಿನ ಅಕ್ಷರ ಓದಿ ಅಂದಾಗಲೂ ನಾನು ಆ ಮಳೆಗಾಲದಲ್ಲೇ ಇದ್ದೆ. ಅದಕ್ಕೇ ಈಗ ಒಂದೇ ಬೆರಳಿನಲ್ಲಿ ಒತ್ತಿಒತ್ತಿ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ನಾನು ತಮಾಷೆ ಮಾಡಿಬಿಡುತ್ತೇನೆ. ಬರೆದರೆ ಅಷ್ಟು ಸುಲಭಕ್ಕೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಆ ವರ್ಷ ನನ್ನ ಮೊಮ್ಮಗಳು ಮಾದೇವಿ ಏಳನೇ ಕ್ಲಾಸಿನಲ್ಲಿದ್ದಳು. ಮಗಳ ಮಗಳು. ಅವಳ ಅಪ್ಪ ಅವ್ವ ಇಬ್ಬರೂ ಗಡಿಯಾಚೆ ವಯನಾಡಿನಲ್ಲಿ ಶುಂಠಿ ಹೊಲದ ಕೆಲಸಕ್ಕೆ ಹೋಗಿ, ದೀಪಾವಳಿಗೊಮ್ಮೆ ಯುಗಾದಿಗೊಮ್ಮೆ ಬಂದು ಹೋಗುವವರು. ಕೂಸಿಗೆ ಹಾಲು ಬಿಡಿಸಿದ ಮೇಲೆ ನನ್ನ ಹತ್ತಿರವೇ ಬಿಟ್ಟಿದ್ದರು. ನಮ್ಮ ಮನೆ ಗುಂಡ್ಲುಪೇಟೆಯ ಅಂಚಿನಲ್ಲಿ. ಹಿತ್ತಲು ದಾಟಿದರೆ ಚೆಂಡುಹೂವಿನ ಹೊಲಗಳು, ಅವುಗಳಾಚೆ ಮೋಡ ಹೊದ್ದುಕೊಂಡ ಗೋಪಾಲಸ್ವಾಮಿ ಬೆಟ್ಟ. ಮಳೆಗಾಲದ ಮೂರು ತಿಂಗಳು ನನಗೆ ಹೂ ಕುಯ್ಯುವ ಕೆಲಸ. ಬೆಳಿಗ್ಗೆ ಇಬ್ಬನಿ ಆರುವ ಮುಂಚೆಯೇ ಸಾಲು ಹಿಡಿಯಬೇಕು. ಎರಡು ಕೈಯಲ್ಲೂ ಕುಯ್ದು ಮಡಿಲಿಗೆ ಹಾಕಿಕೊಳ್ಳುತ್ತಾ, ಬಗ್ಗಿದ ಬೆನ್ನು ಎತ್ತದೆ ಸಾಲಿನ ತುದಿ ಮುಟ್ಟಬೇಕು.

ಕೂಸು ಚಿಕ್ಕದಿದ್ದಾಗ ಅವಳನ್ನು ಹೊಲಕ್ಕೇ ಕರೆದುಕೊಂಡು ಹೋಗುತ್ತಿದ್ದೆ. ಬದುವಿನ ಮೇಲೆ ಕೂರಿಸಿದರೆ ಕೂರುವ ಕೂಸಲ್ಲ ಅದು. ಸಾಲಿನೊಳಗೆ ನುಗ್ಗಿ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ಒಂದು ಗಿಡ ಮುರಿದರೂ ಹೊಲದ ಯಜಮಾನ ನನ್ನನ್ನು ಹಿಡಿದು ಉಗಿಯುತ್ತಿದ್ದ. ನಾನು ಅವಳ ಕುಂಡೆಗೆ ಎರಡು ಬಿಟ್ಟು ಕೂರಿಸುತ್ತಿದ್ದೆ. ಆಮೇಲಾಮೇಲೆ ಅವಳು ಗಿಡಕ್ಕೆ ಮೈ ತಾಗದ ಹಾಗೆ ಓಡುವುದನ್ನು ಕಲಿತಳು. ಈ ಸಾಲಿನಿಂದ ಆ ಸಾಲಿಗೆ ಮಿಣ್ಣಗೆ ಜಾರುತ್ತಿದ್ದಳು. ಹೂವು ಅಲ್ಲಾಡುತ್ತಿರಲಿಲ್ಲ. ಆದರೆ ಯಜಮಾನನಿಗೆ ಅದನ್ನೆಲ್ಲ ನೋಡುವ ತಾಳ್ಮೆ ಇರಲಿಲ್ಲ. ನಾಳೆಯಿಂದ ಕೂಸನ್ನು ಕರೆತಂದರೆ ನೀನೂ ಬರಬೇಡ ಅಂದುಬಿಟ್ಟ.

ಆಗ ಅವಳಿಗೆ ನಾಲ್ಕು ವರ್ಷ. ನಾನು ಅವಳನ್ನು ಒಂದನೇ ಕ್ಲಾಸಿಗೆ ಸೇರಿಸಿಬಿಟ್ಟೆ.

ಮನೆಯಲ್ಲೇ ಹುಟ್ಟಿದ ಕೂಸು, ಜನನದ ಕಾಗದ ಇರಲಿಲ್ಲ. ಆಗೆಲ್ಲ ಕಾಗದ ಇಲ್ಲದ ಮಕ್ಕಳಿಗೆ ಒಂದು ಪರೀಕ್ಷೆ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸು, ಮುಟ್ಟದಿದ್ದರೆ ಬರುವ ವರ್ಷ ಬಾ. ನಾಲ್ಕು ವರ್ಷದ ಕೂಸಿನ ಕೈ ನೆತ್ತಿ ದಾಟುವುದೇ ಹೆಚ್ಚು. ಹದಿನೈದು ದಿನ ಬೆಲ್ಲದ ಚೂರು ತೋರಿಸಿ ತೋರಿಸಿ ನಾನು ಅವಳಿಗೆ ಕತ್ತು ವಾಲಿಸುವುದನ್ನು ಕಲಿಸಿದೆ. ಕತ್ತನ್ನು ಬಲಕ್ಕೆ ಪೂರ್ತಿ ಬಗ್ಗಿಸಿದರೆ ಬೆರಳ ತುದಿ ಕಿವಿಯ ಮೇಲ್ತುದಿಯನ್ನು ತಾಕುತ್ತಿತ್ತು. ಹೆಡ್‌ಮಾಸ್ಟರು ಕನ್ನಡಕದ ಮೇಲಿಂದ ನೋಡಿ, ಕತ್ತು ನೆಟ್ಟಗೆ ಮಾಡು ಮಗು ಅಂದರು. ನಾನು ಕೈಮುಗಿದು, ಅದರ ಕತ್ತು ಹುಟ್ಟಿದಾಗಿನಿಂದ ಹಾಗೇ ಸ್ವಾಮಿ, ದೇವರು ಕೊಟ್ಟದ್ದು ಅಂದೆ. ಅವರಿಗೆ ನಗು ಬಂತೋ ಪಾಪ ಅನ್ನಿಸಿತೋ, ಆರು ವರ್ಷ ಅಂತ ಲೆಕ್ಕ ಹಾಕಿ ಜೂನ್ ಒಂದು ಬರೆದುಕೊಂಡರು. ಈ ಕತೆಯನ್ನು ನಾನು ಹೂ ಕುಯ್ಯುವ ಹೆಂಗಸರಿಗೆ ಎಷ್ಟು ಸಲ ಹೇಳಿದ್ದೆನೋ. ಕತ್ತು ವಾಲಿಸಿ ತೋರಿಸುತ್ತಿದ್ದೆ. ಸಾಲಿನ ಉದ್ದಕ್ಕೂ ನಗುತ್ತಿದ್ದರು.

ಹೀಗೆ ಮಾದೇವಿ ಏಳನೇ ಕ್ಲಾಸಿಗೆ ಬಂದಾಗ ಕಾಗದದಲ್ಲಿ ಹನ್ನೆರಡು, ಮೈಯಲ್ಲಿ ಹತ್ತು. ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ಸಿಗುತ್ತಿರಲಿಲ್ಲ.

ಆ ವರ್ಷ ಶಾಲೆಗೆ ಹೊಸದಾಗಿ ಪಿ.ಟಿ. ಮೇಷ್ಟ್ರು ಬಂದಿದ್ದರು, ನಂಜುಂಡ ಮೇಷ್ಟ್ರು ಅಂತ. ಬಂದವರೇ ಹುಡುಗಿಯರ ಖೋ ಖೋ ತಂಡ ಕಟ್ಟಿದರು. ಆಟ ನಿಮಗೆ ಗೊತ್ತೇ ಇರುತ್ತದೆ. ಒಂದು ತಂಡದವರು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ, ಅವರಲ್ಲೊಬ್ಬಳು ಅಟ್ಟಿಸಿಕೊಂಡು ಬರುತ್ತಾಳೆ. ಕೂತವಳ ಬೆನ್ನು ಮುಟ್ಟಿ ಖೋ ಅಂದರೆ ಅವಳೆದ್ದು ಅಟ್ಟಬೇಕು. ಓಡುವವಳು ಕೂತವರ ಸಂದಿಯಲ್ಲಿ ನುಸುಳಿ ತಪ್ಪಿಸಿಕೊಳ್ಳಬೇಕು. ತಂಡದಲ್ಲಿ ಒಬ್ಬಳಿಗೆ ಕಾಮಾಲೆಯಾಗಿ ಮಲಗಿದಾಗ ಜಾಗ ಖಾಲಿಯಾಯಿತು. ಮೈದಾನದ ಅಂಚಿನಲ್ಲಿ ಎಲ್ಲರ ಚಪ್ಪಲಿ ಕಾಯುತ್ತ ಕೂತಿದ್ದ ಮಾದೇವಿಯನ್ನು ಮೇಷ್ಟ್ರು ಸುಮ್ಮನೆ ಲೆಕ್ಕಕ್ಕಿರಲಿ ಅಂತ ಕರೆದರಂತೆ. ಅವಳು ಸಾಲಿನೊಳಗೆ ಇಳಿದಳು. ಮಿಕ್ಕ ಹುಡುಗಿಯರು ಅಟ್ಟಿ ಅಟ್ಟಿ ಸೋತು ಸೊಂಟಕ್ಕೆ ಕೈಕೊಟ್ಟು ನಿಂತರಂತೆ. ಚೆಂಡುಹೂವಿನ ಸಾಲಿನಲ್ಲಿ ಕಲಿತದ್ದನ್ನೇ ಅವಳು ಅಲ್ಲಿ ಮಾಡಿದ್ದಳು. ಒಬ್ಬರಿಗೂ ಮೈ ತಾಗಿಸಿರಲಿಲ್ಲ.

ತಂಡದ ನಾಯಕಿ ನಸ್ರೀನ್. ಅವಳ ಅಪ್ಪ ಪೇಟೆಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಆ ಹುಡುಗಿ ಬಂದಾಗಲೆಲ್ಲ ಕೂದಲಲ್ಲಿ ಒಂದೆರಡು ಹತ್ತಿಯ ಎಳೆ ಇರುತ್ತಿತ್ತು. ಅವಳು ಮಾದೇವಿಯನ್ನು ಛೋಟಿ ಅಂತ ಕರೆಯಲು ಶುರು ಮಾಡಿದ್ದೇ ತಡ, ಇಡೀ ತಂಡಕ್ಕೆ ಅವಳು ಛೋಟಿಯಾದಳು. ತಂಡದ ಬನಿಯನ್ ಅವಳಿಗೆ ಮೊಣಕಾಲಿನವರೆಗೆ ಬರುತ್ತಿತ್ತು. ಚಡ್ಡಿ ಜಾರದ ಹಾಗೆ ನಸ್ರೀನಳ ಅಮ್ಮ ಹಾಸಿಗೆ ಹೊಲಿಯುವ ದಾರದಲ್ಲಿ ಎರಡು ಸುತ್ತು ಹೊಲಿದು ಕೊಟ್ಟಿದ್ದರು. ನೀರಿನ ಕ್ಯಾನು ಹೊರುವವಳು ಇವಳೇ, ಸುಣ್ಣದ ಗೆರೆ ಅಳಿಸಿದರೆ ಬಳಿಯುವವಳು ಇವಳೇ, ಬಸ್ಸಿನಲ್ಲಿ ಸೀಟು ಸಿಗದೆ ಯಾರದಾದರೂ ತೊಡೆಯ ಮೇಲೆ ಕೂರುವವಳು ಇವಳೇ. ಅಭ್ಯಾಸ ಮುಗಿದು ಮನೆಗೆ ಬರುವಾಗ ನಸ್ರೀನಳ ಸೊಂಟದ ಮೇಲೆ ನಿದ್ದೆ ಹೋಗಿರುತ್ತಿದ್ದಳು. ದೊಡ್ಡ ಹುಡುಗಿಯರು ಅವರವರೊಳಗೆ ಪಿಸುಗುಟ್ಟಿ ನಗುವಾಗ ಯಾಕೆ ನಗುತ್ತಾರೆ ಅಂತ ತಿಳಿಯದೆ ತಾನೂ ನಗುತ್ತಿದ್ದಳು. ನನಗೆ ಬಂದು, ಅಜ್ಜಿ ಇವತ್ತು ಎಲ್ಲರೂ ನಕ್ಕರು ಅಂತ ವರದಿ ಒಪ್ಪಿಸುತ್ತಿದ್ದಳು.

ಆಷಾಢದ ಸೋನೆ ಬಿಟ್ಟೂ ಬಿಡದ ಹಾಗೆ ಹಿಡಿದಿದ್ದಾಗ ಒಂದು ಸಂಜೆ ಓಡಿ ಬಂದು ಹೇಳಿದಳು, ಕ್ರೀಡಾ ಹಾಸ್ಟೆಲ್ ಅಂತ ಒಂದಿದೆಯಂತೆ. ಆಟ ಆಡುವ ಮಕ್ಕಳನ್ನು ಸರ್ಕಾರವೇ ಇಟ್ಟುಕೊಂಡು ಓದಿಸಿ, ಊಟ ಹಾಕಿ, ಆಟ ಕಲಿಸುತ್ತದಂತೆ. ಶೂ ಕೊಡುತ್ತಾರಂತೆ. ದಿನಾ ಮೊಟ್ಟೆಯಂತೆ. ಜಿಲ್ಲಾ ಪಂದ್ಯಕ್ಕೆ ಅವರು ಬಂದು ನೋಡಿ ಆರಿಸುತ್ತಾರಂತೆ. ಎತ್ತರ ನೋಡುತ್ತಾರಂತೆ, ವಯಸ್ಸು ನೋಡುತ್ತಾರಂತೆ. ಅವಳಿಗೆ ಮೊಟ್ಟೆ ಶೂಗಿಂತ ಹೆಚ್ಚಾಗಿ ಹಿಡಿಸಿದ್ದು ಒಂದೇ ಮಾತು. ಅಲ್ಲಿ ದಿನವಿಡೀ ಆಡಬಹುದಂತೆ, ಯಾರೂ ಬೈಯುವುದಿಲ್ಲವಂತೆ.

ಮಾರನೆಯ ದಿನದಿಂದ ಅವಳು ಹಿತ್ತಲಿನ ಹೊಂಗೆ ಮರದ ಕೊಂಬೆಗೆ ನೇತಾಡಲು ಶುರು ಮಾಡಿದಳು. ನೇತಾಡಿದರೆ ಉದ್ದವಾಗುತ್ತಾರೆ ಅಂತ ಯಾರೋ ಹೇಳಿದ್ದರು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆಯೇ ಕೊಂಬೆ ಹಿಡಿದು ಒಂದರಿಂದ ನೂರು ಎಣಿಸುತ್ತಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಒಂದು ಬಟ್ಟೆಯ ಚೀಲದಲ್ಲಿ ತನ್ನ ಎರಡು ಜೊತೆ ಬಟ್ಟೆ, ಬಾಚಣಿಗೆ ಇಟ್ಟು ಗೂಟಕ್ಕೆ ನೇತುಹಾಕಿದ್ದಳು. ಶಾಲೆಗೆ ಹೋಗಲು ಲಂಗ ಬೇಕಾದರೆ ಆ ಚೀಲದಿಂದಲೇ ತೆಗೆದು, ಒಗೆದು ಒಣಗಿದ ಮೇಲೆ ಮತ್ತೆ ಅದರಲ್ಲೇ ಇಡುವುದು. ನಾನು ಸೌದೆ ಒಟ್ಟುತ್ತ, ಬಾವಲಿ ಹಾಗೆ ನೇತಾಡ್ತೀಯಲ್ಲ ಕಣಮ್ಮಿ, ತಲೆಕೆಳಗಾಗೇ ನೇತಾಡು, ಬೇಗ ಬೆಳೀತೀಯ ಅಂತ ರೇಗಿಸುತ್ತಿದ್ದೆ. ಆ ಕೊಂಬೆಯಲ್ಲಿ ಅವಳು ಗಳಿಸಲು ನೋಡುತ್ತಿದ್ದದ್ದು ನಾನು ಕದ್ದ ಎರಡು ವರ್ಷ ಅನ್ನುವುದು ನನಗೆ ಹೊಳೆಯಲೇ ಇಲ್ಲ ಅಂದರೆ ನೀವು ನಂಬಬೇಡಿ. ಹೊಳೆದಿತ್ತು. ಹೊಳೆದಾಗಲೆಲ್ಲ ಒಲೆ ಊದುತ್ತಿದ್ದೆ.

ಶ್ರಾವಣದಲ್ಲಿ, ಅಭ್ಯಾಸದ ನಡುವೆ, ಅವಳದೊಂದು ಹಾಲುಹಲ್ಲು ಬಿತ್ತು. ಮೇಷ್ಟ್ರು ಅದನ್ನು ನೋಡಿದರು. ಸಂಜೆ ನಾನು ಕರೆತರಲು ಹೋದಾಗ ತಗ್ಗಿದ ದನಿಯಲ್ಲಿ, ಹನ್ನೆರಡು ವರ್ಷಕ್ಕೆ ಇಷ್ಟು ಹಾಲುಹಲ್ಲು ಉಳಿದಿರುತ್ತವಾ ಸಣ್ಣಮ್ಮೋರೆ ಅಂದರು. ನಾನು ಬಾಯಿ ತೆರೆದು ನನ್ನ ದವಡೆ ತೋರಿಸಿ, ನನಗೆ ಐವತ್ತಾಯ್ತು ಸಾರ್, ನನ್ನವೂ ಬೀಳುತ್ತಿವೆ, ನಮ್ಮ ವಂಶದಲ್ಲಿ ಹಲ್ಲಿಗೆ ಲೆಕ್ಕವೇ ಇಲ್ಲ ಅಂದೆ. ಅವರು ನಕ್ಕರು. ನನ್ನ ಬುದ್ಧಿ ಅದೇ. ಎದುರಿಗಿರುವವರನ್ನು ನಗಿಸಿಬಿಟ್ಟರೆ ಅವರು ಕೇಳಿದ್ದನ್ನು ಮರೆಯುತ್ತಾರೆ.

ಆಮೇಲೆ ತಾಲ್ಲೂಕು ಪಂದ್ಯ ಬಂತು, ಗುಂಡ್ಲುಪೇಟೆಯಲ್ಲೇ. ಇದನ್ನು ಬರೆಯುವಾಗ ಬೆರಳು ಮುಂದಕ್ಕೆ ಹೋಗುತ್ತಿಲ್ಲ. ಬರೆಯುತ್ತೇನೆ.

ಅವತ್ತು ಹೂ ಕುಯ್ಯುವ ಕೆಲಸಕ್ಕೆ ರಜೆ ಹಾಕಿ ನಮ್ಮ ಕೇರಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿದ್ದೆ. ಕೊನೆಯ ಆಟ ಕಾಡಂಚಿನ ಒಂದು ಊರಿನ ಶಾಲೆಯ ಮೇಲೆ. ಅವರ ತಂಡದಲ್ಲಿ ಗೌರಿ ಅಂತ ಒಬ್ಬ ಹುಡುಗಿ. ಎತ್ತರದ ಕೂಸು, ಮೈಕೈ ತುಂಬಿಕೊಂಡಿತ್ತು. ಎರಡು ಹೆಜ್ಜೆಗೆ ಅರ್ಧ ಮೈದಾನ ದಾಟುತ್ತಿದ್ದಳು. ಮೊದಲ ಸುತ್ತಿನಲ್ಲಿ ನಮ್ಮವರಲ್ಲಿ ಐದು ಜನರನ್ನು ಅವಳೊಬ್ಬಳೇ ಹಿಡಿದಳು. ಮಾದೇವಿಯನ್ನೂ ಬೆನ್ನ ಮೇಲೆ ಬಡಿದಾಗ ಅವಳು ಮುಗ್ಗರಿಸಿ ಮಣ್ಣಿಗೆ ಬಿದ್ದು ಮೊಣಕಾಲು ತರಚಿಕೊಂಡಳು. ನನ್ನ ಪಿತ್ತ ನೆತ್ತಿಗೆ ಏರಿತು.

ಗೆರೆಯ ಹತ್ತಿರ ಹೋಗಿ ನಿಂತೆ. ನನ್ನ ದನಿ ಗೊತ್ತಲ್ಲ, ಹೊಲದ ಈ ತುದಿಯಿಂದ ಆ ತುದಿಗೆ ಕೇಳುವಂಥದ್ದು.

"ಇವ್ಳ್ಯಾವ ಇಸ್ಕೂಲ್ ಉಡ್ಗಿ ಕನ್ರವ್ವ? ತಾಳಿ ಕಟ್ಸಿ ಕಳ್ಸೋ ವಯಸ್ಸಲ್ಲಿ ಖೋ ಖೋ ಆಡುಸ್ತಾವರ. ಇವ್ಳ ಕೂಸ್ನೂ ಕರ್ಕಂಬಂದವ್ರೇನೋ, ಮರದ್ ಕೆಳಗ ನೋಡಿ."

ನಮ್ಮ ಹೆಂಗಸರು ನಕ್ಕರು. ಅವರು ನಕ್ಕದ್ದು ಕೇಳಿ ನನಗೆ ಇನ್ನೂ ಹುರುಪು ಬಂತು. ಮೇಜು ಹಾಕಿಕೊಂಡು ಕೂತಿದ್ದ ಮೇಷ್ಟ್ರುಗಳ ಹತ್ತಿರ ಹೋಗಿ, ವಯಸ್ಸು ಮೀರಿದವಳನ್ನು ಆಡಿಸುತ್ತಿದ್ದಾರೆ, ಕಾಗದ ತೋರಿಸಿ ಅಂತ ಹಟ ಹಿಡಿದೆ. ನಂಜುಂಡ ಮೇಷ್ಟ್ರು ಬೇಡ ಅಂತ ಕೈಸನ್ನೆ ಮಾಡುತ್ತಲೇ ಇದ್ದರು. ಆಟ ನಿಂತಿತು. ಆ ಶಾಲೆಯವರು ಒಂದು ಫೈಲು ತೆಗೆದರು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸು, ಆಸ್ಪತ್ರೆಯ ಕಾಗದವೇ ಇತ್ತು. ಹನ್ನೆರಡು ತುಂಬಿ ಎರಡು ತಿಂಗಳು.

ಆಟ ಮತ್ತೆ ಶುರುವಾಯಿತು. ಆದರೆ ಗೌರಿ ಆಮೇಲೆ ಮೊದಲಿನ ಗೌರಿಯಾಗಿರಲಿಲ್ಲ. ಎರಡೂ ಕೈ ಎದೆಗೆ ಅಡ್ಡ ಕಟ್ಟಿಕೊಂಡು, ಭುಜ ಕುಗ್ಗಿಸಿಕೊಂಡು ಓಡುತ್ತಿದ್ದಳು. ಬನಿಯನ್ನನ್ನು ಮತ್ತೆ ಮತ್ತೆ ಕೆಳಕ್ಕೆ ಎಳೆದುಕೊಳ್ಳುತ್ತಿದ್ದಳು. ಕೈ ಬೀಸದೆ ಓಡಲು ಯಾರಿಂದಾಗುತ್ತದೆ? ನಮ್ಮವರು ಗೆದ್ದರು. ನಾನು ಕೇರಿಯವರಿಗೆಲ್ಲ ಕಡಲೆಪುರಿ ಹಂಚಿದೆ.

ಹೊರಡುವಾಗ ಅವಳ ಅಪ್ಪ ನನ್ನ ಹತ್ತಿರ ಬಂದ. ಹೆಗಲ ಮೇಲೆ ಟವಲು, ಕೂಲಿ ಮಾಡುವ ಸಣಕಲು ಮನುಷ್ಯ. ಮಗಳು ಅವನಿಗಿಂತ ಉದ್ದವಿದ್ದಳು. ಜಗಳಕ್ಕೆ ಬಂದ ಅಂತ ನಾನು ಸೆರಗು ಸಿಕ್ಕಿಸಿಕೊಂಡೆ. ಅವನು ಜಗಳ ಆಡಲಿಲ್ಲ.

"ನನ್ ಮಗ್ಳು ಉದ್ದುಕ್ಕ ಬೆಳ್ದಿರದು ತೆಪ್ಪಾದ್ರ ನನ್ನ ಬಯ್ಯಿ ಕನವ್ವ," ಅಂದ. "ಅವ್ಳ್ನ ಯಾಕ ಅಳುಸ್ದೆ?"

ಏನೋ ಗೊಣಗಿ ಬಂದುಬಿಟ್ಟೆ. ಮನೆಗೆ ಬಂದ ಮೇಲೆ ಮಾದೇವಿ ಮೊಣಕಾಲಿಗೆ ಅರಿಸಿನ ಹಚ್ಚಿಸಿಕೊಳ್ಳುತ್ತ, ಗೌರಕ್ಕ ಬೇಕಂತ ಬೀಳಿಸಿದ್ದಲ್ಲ ಅಜ್ಜಿ, ಆಮೇಲೆ ನನ್ನ ಎಬ್ಬಿಸಿದ್ದೂ ಅವಳೇ ಅಂದಳು.

ಜಿಲ್ಲಾ ಪಂದ್ಯ ಚಾಮರಾಜನಗರದಲ್ಲಿ. ಹೂವಿನ ಕೆಲಸ ಮುಗಿಯುತ್ತ ಬಂದಿತ್ತು, ಮಳೆಯೂ ಹಿಂದಾಗಿತ್ತು. ಬಿಸಿಲು ಬಿದ್ದು ಮೈದಾನದಿಂದ ಆವಿ ಏಳುತ್ತಿತ್ತು. ನಾನು ಮಾದೇವಿಯ ಬಟ್ಟೆಯ ಚೀಲವನ್ನೂ ಹಿಡಿದುಕೊಂಡು ಹೋಗಿದ್ದೆ. ಅವಳೇ ತರಿಸಿದ್ದಳು. ಆರಿಸಿದರೆ ಅಲ್ಲಿಂದಲೇ ಕರೆದುಕೊಂಡು ಹೋಗುತ್ತಾರೆ ಅಂತ ಅವಳ ಲೆಕ್ಕ.

ನಮ್ಮ ತಂಡ ಎರಡನೇ ಆಟದಲ್ಲೇ ಸೋತಿತು. ಆದರೆ ಆ ಆಟದಲ್ಲಿ ಮಾದೇವಿ ಕೊನೆಗೆ ಉಳಿದವಳು. ಮಿಕ್ಕವರೆಲ್ಲ ಔಟಾಗಿ ಗೆರೆಯಾಚೆ ಕೂತು ಕೂಗುತ್ತಿದ್ದರು. ತನಗಿಂತ ಒಂದೊಂದು ತಲೆ ಎತ್ತರದ ಹುಡುಗಿಯರು ಒಬ್ಬರಾದ ಮೇಲೆ ಒಬ್ಬರು ಅಟ್ಟಿದರು. ಅವಳು ಸಿಗಲಿಲ್ಲ. ಸೀಟಿ ಊದಿ ಹೊತ್ತು ಮುಗಿಯಿತು ಅಂದಾಗಲೂ ಅವಳು ಓಡುತ್ತಲೇ ಇದ್ದಳು, ನಸ್ರೀನ್ ಹೋಗಿ ಎತ್ತಿಕೊಂಡ ಮೇಲೆಯೇ ನಿಂತದ್ದು. ಬೇರೆ ತಾಲ್ಲೂಕಿನವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಕೂಸು ಅಂತ ಪಕ್ಕದಲ್ಲಿದ್ದವರಿಗೆಲ್ಲ ಹೇಳಿಕೊಂಡೆ.

ಹಾಸ್ಟೆಲ್ಲಿನ ಕಡೆಯಿಂದ ಒಬ್ಬರು ಮೇಡಂ ಬಂದಿದ್ದರು. ಮಧ್ಯಾಹ್ನ ಗೋಡೆಯ ಪಕ್ಕ ಮೇಜು ಹಾಕಿಕೊಂಡು, ಗೋಡೆಗೆ ಅಳತೆಯ ಪಟ್ಟಿ ಅಂಟಿಸಿ, ಹೆಸರು ಕರೆದ ಮಕ್ಕಳನ್ನು ನಿಲ್ಲಿಸಿ ಎತ್ತರ ಬರೆದುಕೊಳ್ಳುತ್ತಿದ್ದರು. ಮಾದೇವಿಯ ಹೆಸರನ್ನು ಮೊದಲಿಗೇ ಕರೆದರು. ಅವಳು ಗೋಡೆಗೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು, ಕತ್ತನ್ನು ಎಷ್ಟು ನೆಟ್ಟಗೆ ಮಾಡಲಾದೀತೋ ಅಷ್ಟು ನೆಟ್ಟಗೆ ಮಾಡಿ ನಿಂತಳು. ಮೇಡಂ ಪಟ್ಟಿ ನೋಡಿದರು, ಕಾಗದ ನೋಡಿದರು, ಮತ್ತೊಮ್ಮೆ ಪಟ್ಟಿ ನೋಡಿದರು.

"ಹನ್ನೆರಡಕ್ಕೆ ಈ ಎತ್ತರ ಸಾಲಲ್ಲ ಸಾರ್," ಅಂತ ನಂಜುಂಡ ಮೇಷ್ಟ್ರಿಗೆ ಹೇಳಿದರು. "ಓಟ ನೋಡಿದ್ರೆ ಬಿಡೋಕೆ ಮನಸ್ಸಿಲ್ಲ. ಹತ್ತು ವರ್ಷದವಳಾಗಿದ್ರೆ ಈಗ್ಲೇ ಹೆಸರು ಬರ್ಕೊಳ್ತಿದ್ದೆ."

ಮೇಷ್ಟ್ರು ತಿರುಗಿ ನನ್ನನ್ನು ನೋಡಿದರು. ಅವರು ಹಾಲುಹಲ್ಲನ್ನು ಮರೆತಿರಲಿಲ್ಲ. ನನ್ನ ಹತ್ತಿರ ಬಂದು, ಎಲ್ಲರಿಗೂ ಕೇಳದ ಹಾಗೆಯೇ ಮಾತಾಡಿದರು.

"ಸಣ್ಣಮ್ಮೋರೆ, ಕೂಸ್ನ ಸ್ಕೂಲಿಗ ಸೇರ್ಸಿದ್ದು ನೀವೇ ಅಲ್ವಾ? ಸರಿಯಾದ್ ವಯಸ್ಸ ಹೇಳ್ಬುಡಿ. ನಿಮ್ಮನ್ನ ಯಾರೂ ಏನೂ ಅನ್ನಲ್ಲ. ಒಂದ್ ಅಫಿಡವಿಟ್ ಮಾಡ್ಸುದ್ರ ಸರಿ ಓಯ್ತದ, ನಾನೇ ಓಡಾಡ್ತೀನಿ."

ದಾರಿ ಇತ್ತು. ಅದನ್ನು ಅವರು ಕೈಗೇ ಕೊಟ್ಟರು. ಚಿಕ್ಕವಳು ದೊಡ್ಡವರ ಜೊತೆ ಆಡಿದ್ದಕ್ಕೆ ತಂಡಕ್ಕೂ ಏನೂ ತೊಂದರೆ ಇರಲಿಲ್ಲ. ನಾಲ್ಕು ವರ್ಷದ ಕೂಸಿಗೆ ಆರು ಅಂದಿದ್ದೆ ಸಾರ್, ಹೊಟ್ಟೆಪಾಡಿಗೆ, ಅಂತ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಲು ತಲೆ ಎತ್ತಿದೆ. ಅಳತೆಗೆ ನಿಂತಿದ್ದ ಸಾಲಿನಲ್ಲಿ, ಮಾದೇವಿಯ ನಂತರ ಎರಡನೆಯವಳು ಗೌರಿ. ಎತ್ತರ ಜಿಗಿತದಲ್ಲಿ ಗೆದ್ದಿದ್ದಳಂತೆ. ಅವಳ ಪಕ್ಕದಲ್ಲಿ ಹೆಗಲ ಮೇಲೆ ಟವಲು ಹಾಕಿಕೊಂಡು ಅವಳ ಅಪ್ಪ. ಅವನು ನನ್ನ ಗುರುತು ಹಿಡಿದಿದ್ದ. ಕೋಪದಿಂದ ನೋಡುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದ.

ವಯಸ್ಸಿನ ವಿಚಾರಕ್ಕೆ ಅವನ ಮಗಳ ಮಾನವನ್ನು ಇಡೀ ಮೈದಾನದ ಮುಂದೆ ಕಳೆದವಳು ನಾನು. ಅದೇ ವಯಸ್ಸಿನ ಕಳ್ಳಿ ನಾನೇ ಅಂತ ಅವನ ಮುಂದೆ ಹೇಗೆ ಹೇಳಲಿ?

"ಹನ್ನೆರಡೇ ಸಾರ್," ಅಂದೆ. ಮೇಷ್ಟ್ರು ನಂಬಿದ ಹಾಗೆ ಕಾಣಲಿಲ್ಲ. ಅದಕ್ಕೆ ಇನ್ನೂ ಜೋರಾಗಿ, ಆ ಟವಲಿನವನಿಗೂ ಕೇಳುವ ಹಾಗೆ ಅಂದೆ: "ಮಾದಪ್ಪನಾಣೆಗೂ ಹನ್ನೆರಡೇ."

ನಮ್ಮ ಕಡೆ ಮಲೆ ಮಾದಪ್ಪನ ಆಣೆ ಇಟ್ಟ ಮೇಲೆ ಯಾರೂ ಮಾತು ಮುಂದುವರಿಸುವುದಿಲ್ಲ. ಮೇಷ್ಟ್ರು ತಲೆಯಾಡಿಸಿ ಹಿಂದಕ್ಕೆ ಹೋದರು. ಮೇಡಂ ಹೆಸರಿನ ಮುಂದೆ ಅಡ್ಡಗೆರೆ ಎಳೆದರು. ಮಾದೇವಿ ಇನ್ನೂ ಗೋಡೆಗೆ ಒರಗಿಯೇ ನಿಂತಿದ್ದಳು, ನನ್ನ ಕಡೆ ನೋಡುತ್ತ. ಮುಂದಿನವಳು ಬರಲಿ ಅಂತ ಯಾರೋ ಭುಜ ಹಿಡಿದು ಸರಿಸಿದ ಮೇಲೆ ಈಚೆಗೆ ಬಂದು ನನ್ನ ಕೈಯಿಂದ ತನ್ನ ಚೀಲ ಇಸಿದುಕೊಂಡಳು. ಅಳಲಿಲ್ಲ. ಹಸಿವಾ ಅಂದೆ, ಇಲ್ಲ ಅಂದಳು. ಗೌರಿಯ ಹೆಸರನ್ನು ಬರೆದುಕೊಂಡರು ಅಂತ ಆಮೇಲೆ ಗೊತ್ತಾಯಿತು. ವಾಪಸ್ಸು ಬರುವ ಬಸ್ಸಿನಲ್ಲಿ ನನ್ನ ಪಕ್ಕ ಸೀಟು ಖಾಲಿ ಇದ್ದರೂ ಅವಳು ಹೋಗಿ ನಸ್ರೀನಳ ತೊಡೆಯ ಮೇಲೆ ಕೂತಳು.

ಮಾರನೆಯ ಬೆಳಿಗ್ಗೆ ಹೊಂಗೆ ಮರದ ಹತ್ತಿರ ಹೋಗಲಿಲ್ಲ. ನಾನೇ, ಯಾಕಮ್ಮಿ ನೇತಾಡಲ್ವಾ ಅಂದೆ. ಕೈ ನೋಯುತ್ತದೆ ಅಂದಳು.

ಹೈಸ್ಕೂಲಿನಲ್ಲಿ ಖೋ ಖೋ ತಂಡವೇ ಇರಲಿಲ್ಲ. ಅವಳೂ ಕೇಳಲಿಲ್ಲ. ಹದಿಮೂರಕ್ಕೆ, ನಿಜವಾದ ಹದಿಮೂರಕ್ಕೆ, ಅವಳು ಬೆಳೆಯಲು ಶುರು ಮಾಡಿದಳು ನೋಡಿ, ಒಂದು ವರ್ಷದಲ್ಲಿ ನಮ್ಮ ಬಾಗಿಲಿನ ಮೇಲ್ಪಟ್ಟಿ ಅವಳ ಹಣೆಗೆ ತಾಗುತ್ತಿತ್ತು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ನಂಜುಂಡ ಮೇಷ್ಟ್ರು ಸಿಕ್ಕರು. ಅಷ್ಟು ಹೊತ್ತಿಗೆ ಅವರಿಗೆ ಬೇರೆ ಕಡೆಗೆ ವರ್ಗವಾಗಿತ್ತು. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಚೆನ್ನಾಗಿದೀರಾ ಸಣ್ಣಮ್ಮೋರೆ ಅಂದು ಬಸ್ಸು ಹತ್ತಿದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಮಾದೇವಿ ನಮ್ಮ ಪಕ್ಕದ ಊರಿನಲ್ಲಿ ಅಂಗನವಾಡಿ ಟೀಚರು. ಅವಳಿಗೂ ಒಬ್ಬ ಮಗಳಿದ್ದಾಳೆ, ಈ ಫೋನಿನಲ್ಲಿ ಅಕ್ಷರ ಒತ್ತುವುದನ್ನು ನನಗೆ ಕಲಿಸಿದ ಗುರು ಅವಳೇ. ಚಾಮರಾಜನಗರದಿಂದ ಕಣ್ಣು ತೋರಿಸಿಕೊಂಡು ಬಂದ ಮಾರನೆಯ ದಿನ, ಮಾದೇವಿಗೆ ಊಟದ ಡಬ್ಬಿ ಕೊಡುವ ನೆಪ ಮಾಡಿಕೊಂಡು ಅಂಗನವಾಡಿಗೆ ಹೋದೆ. ಅವಳು ಮಕ್ಕಳನ್ನು ಒಬ್ಬೊಬ್ಬರನ್ನೇ ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ಪುಸ್ತಕಕ್ಕೆ ಬರೆಯುತ್ತಿದ್ದಳು. ತಿಂಗಳಿಗೊಮ್ಮೆ ಅದು ಅವಳ ಕೆಲಸವಂತೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು, ತನ್ನ ಕೂಸನ್ನು ಈ ವರ್ಷವೇ ಸ್ಕೂಲಿಗೆ ಹಾಕಬೇಕು, ವಯಸ್ಸನ್ನು ಸ್ವಲ್ಪ ಮುಂದಕ್ಕೆ ಹಾಕಿ ಬರೆದುಕೊಡು ಮಾದೇವಮ್ಮ, ತಾನು ಕೆಲಸಕ್ಕೆ ಹೋಗಬೇಕು ಅಂತ ಗೋಗರೆದಳು. ಮಾದೇವಿ ಆಗುವುದಿಲ್ಲ ಅಂದಳು. ಬೈಯಲಿಲ್ಲ. ಕೂಸನ್ನು ಸಂಜೆಯವರೆಗೆ ಇಲ್ಲೇ ಬಿಟ್ಟು ಹೋಗು, ನಾನು ನೋಡಿಕೊಳ್ಳುತ್ತೇನೆ ಅಂದಳು.

ಆ ಹೆಂಗಸು ಹೋದ ಮೇಲೆ ನಾನು ಡಬ್ಬಿ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಕಿವಿ, ಬೆಲ್ಲದ ಚೂರು, ಹತ್ತು ವರ್ಷ, ಗೌರಿಯ ಅಪ್ಪ, ಆಣೆ. ಒಮ್ಮೆಯೂ ನಗಿಸಲು ನೋಡಲಿಲ್ಲ. ಅವಳು ಪುಸ್ತಕದಿಂದ ತಲೆ ಎತ್ತದೆ ಕೇಳಿಸಿಕೊಂಡಳು. ಕೊನೆಗೆ, ನನಗೆ ಅವತ್ತೇ ಗೊತ್ತಿತ್ತು ಅಂದಳು. ಅವ್ವ ದೀಪಾವಳಿಗೆ ಬಂದಾಗಲೆಲ್ಲ ಬೆರಳು ಮಡಿಸಿ ನನ್ನ ವಯಸ್ಸು ಎಣಿಸುತ್ತಿರಲಿಲ್ಲವಾ, ಹತ್ತು ಅಂತ ನನಗೆ ಗೊತ್ತಿರಲಿಲ್ಲವಾ ಅಂದಳು.

ನಾಚಿಕೆಯಾದಾಗ ಮನುಷ್ಯರು ಎಂಥ ಮಾತು ಆಡುತ್ತಾರೆ ನೋಡಿ. ನಾನು ತಿರುಗಿ ಅವಳನ್ನೇ ಕೇಳಿದೆ: "ಅಂಗಾದ್ರ ಅವತ್ತು ನೀನೇ ಯಾಕ ಬಾಯ್ ಬುಡ್ನಿಲ್ಲ?"

ಆಗ ಅವಳು ಪುಸ್ತಕ ಮುಚ್ಚಿ ನನ್ನ ಮುಖ ನೋಡಿದಳು.

"ನೀ ಮಾದಪ್ಪನ ಆಣ ಇಟ್ಬುಟ್ಟಿದ್ದಲ್ಲ. ನಾ ದಿಟವ ಏಳ್ಬುಟ್ರ ಮಾದಪ್ಪ ನಿನ್ನ ಎತ್ಕಂಡೋಯ್ತನ ಅನ್ಕಂಡಿ. ಅವ್ವನೂ ಊರಲ್ಲಿಲ್ಲ, ನೀನೂ ಓಗ್ಬುಟ್ರ ನಂಗ ಉಣ್ಣಕ್ ಇಕ್ಕೋರು ಯಾರು? ಹತ್ತೇ ವರ್ಸ ಕನಜ್ಜಿ ನಂಗ ಆಗ."